ಯಾರ ಕೈ, ಯಾವ ಕೊಳೆ? ಇಂಗ್ಲಿಷಿನ ಶುಚಿಕಾರ್ಯದ ಮಾತುಗಳು



ಭಾಷೆಯ ಬಗೆಗಿನ ದತ್ತಿ ಉಪನ್ಯಾಸದಲ್ಲಿ ಕಾವ್ಯ, ವ್ಯಾಕರಣ, ಛಂದಸ್ಸುಗಳ ಮಾತು ಬರುವುದು ವಾಡಿಕೆ. ಇಂದು ನಾನು ಪೊರಕೆ, ಬಕೆಟ್ಟು, ಒರೆಸುವ ಬಟ್ಟೆಗಳ ಸುತ್ತ ಬೆಳೆದ ಇಂಗ್ಲಿಷ್ ಮಾತುಗಳನ್ನು ಎತ್ತಿಕೊಂಡಿದ್ದೇನೆ. ಇಂಗ್ಲಿಷನ್ನು ನಾವು ಶಾಲೆಯಲ್ಲಿ ಕಲಿಯುತ್ತೇವೆ, ಕಚೇರಿಯಲ್ಲಿ ಬಳಸುತ್ತೇವೆ. ಆ ಭಾಷೆಯ ಅಡುಗೆಮನೆ, ಬಚ್ಚಲು, ಬೀದಿ ನಮಗೆ ಅಷ್ಟಾಗಿ ಪರಿಚಯವಿಲ್ಲ. ಒಂದು ಭಾಷೆಯನ್ನಾಡುವ ಜನ ಯಾರಿಂದ ಏನು ಕೆಲಸ ಮಾಡಿಸಿಕೊಂಡರು ಎಂಬುದು ಅಲ್ಲಿಯೇ ತಿಳಿಯುತ್ತದೆ.

ನನ್ನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲಿಷಿನ ಈ ಕ್ರಿಯಾಪದಗಳು ದುಡಿಯುವ ಕೈಗಳಿಂದ ಹುಟ್ಟಿದವು. ಅವು ಮನೆಯಂಗಳ ದಾಟಿ ಕಾನೂನು, ರಾಜಕೀಯ, ಯುದ್ಧಗಳ ಭಾಷೆಗೆ ಹೋದಾಗ ಆ ಕೈಗಳು ಮರೆಯಾದವು. ಕೆಲವು ಮಾತುಗಳಂತೂ ಅಪರಾಧವನ್ನೇ ಮುಚ್ಚುವ ಪರದೆಗಳಾದವು. ಆದ್ದರಿಂದ ಇಂಥ ಮಾತು ಎದುರಾದಾಗಲೆಲ್ಲ ಎರಡು ಪ್ರಶ್ನೆ ಕೇಳಬೇಕು: ಇದರ ಹಿಂದೆ ದುಡಿದ ಕೈ ಯಾರದು? ಇದು ಯಾವುದನ್ನು ಕೊಳೆ ಎಂದು ಕರೆಯುತ್ತಿದೆ?

1. ಉಪಕರಣಕ್ಕೊಂದು ಕ್ರಿಯಾಪದ

ನಮ್ಮ ಮನೆಗಳಲ್ಲಿ ಈಗ ‘ಕ್ಲೀನ್ ಮಾಡು’ ಎಂಬ ಒಂದೇ ಮಾತು ಗುಡಿಸುವುದನ್ನೂ ಒರೆಸುವುದನ್ನೂ ತೊಳೆಯುವುದನ್ನೂ ನುಂಗಿಕೊಂಡಿದೆ. ಇಂಗ್ಲಿಷಿನಲ್ಲಿ ಈ ಕೆಲಸಗಳಿಗೆ ಬೇರೆಬೇರೆ ಕ್ರಿಯಾಪದಗಳಿವೆ. ‘ಸ್ವೀಪ್’ ಎಂದರೆ ಕೈಯಲ್ಲಿ ಪೊರಕೆ ಇರಬೇಕು. ‘ಮಾಪ್’ ಎಂದರೆ ಕೋಲಿನ ತುದಿಗೆ ಕಟ್ಟಿದ ಒದ್ದೆ ಬಟ್ಟೆ. ‘ವೈಪ್’ಗೆ ಬಟ್ಟೆಯೊಂದು ಸಾಕು, ಬಲ ಹಾಕಬೇಕಿಲ್ಲ. ‘ಸ್ಕ್ರಬ್’ಗೆ ಬ್ರಷ್ಷು, ನೀರು, ತೋಳಿನ ಬಲ ಮೂರೂ ಬೇಕು. ‘ಸ್ಕೌರ್’ ಇನ್ನೂ ಬಿರುಸು, ಮರಳನ್ನೋ ನಾರನ್ನೋ ಹಿಡಿದು ಗಸಗಸ ತಿಕ್ಕುವುದು. ‘ರಿನ್ಸ್’ ಎಂದರೆ ಸೋಪು ಹೋಗುವ ತನಕ ಬರೀ ನೀರಿನಲ್ಲಿ ಜಾಲಿಸುವುದು. ‘ಪಾಲಿಶ್’ ಎಂದರೆ ಕೊಳೆ ಹೋದ ಮೇಲೆ ಹೊಳಪು ಬರಿಸುವುದು.

ಕನ್ನಡವೇನೂ ಬಡಭಾಷೆಯಲ್ಲ. ಗುಡಿಸು, ಸಾರಿಸು, ಒರೆಸು, ಉಜ್ಜು, ತಿಕ್ಕು, ಜಾಲಿಸು, ಒಗೆ, ಬೆಳಗು, ಕೊಡವು, ಮುಕ್ಕಳಿಸು ಇವೆಲ್ಲ ನಮ್ಮವೇ. ಆದರೆ ವಿಂಗಡಣೆಯ ರೀತಿಯಲ್ಲಿ ವ್ಯತ್ಯಾಸವಿದೆ. ಬಟ್ಟೆಗೂ ತಟ್ಟೆಗೂ ಮುಖಕ್ಕೂ ಇಂಗ್ಲಿಷರು ‘ವಾಶ್’ ಎಂಬ ಒಂದೇ ಮಾತನ್ನು ಬಳಸಬಲ್ಲರು. ನಾವು ಬಟ್ಟೆ ಒಗೆಯುತ್ತೇವೆ, ಪಾತ್ರೆ ಬೆಳಗುತ್ತೇವೆ, ಮುಖ ತೊಳೆಯುತ್ತೇವೆ, ಬಾಯಿ ಮುಕ್ಕಳಿಸುತ್ತೇವೆ. ಇಂಗ್ಲಿಷಿನ ಕಣ್ಣು ಹೆಚ್ಚಾಗಿ ಉಪಕರಣದ ಮೇಲೆ, ಕನ್ನಡದ ಕಣ್ಣು ಹೆಚ್ಚಾಗಿ ಶುಚಿಯಾಗುವ ವಸ್ತುವಿನ ಮೇಲೆ. ವಿದ್ಯಾರ್ಥಿಗಳು ಪರ್ಯಾಯ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ಬದಲು ‘ಕೈಯಲ್ಲಿ ಏನಿದೆ?’ ಎಂದು ಕೇಳಿಕೊಂಡರೆ ಈ ಕ್ರಿಯಾಪದಗಳು ಬೇಗ ಒಲಿಯುತ್ತವೆ.

ಜೊತೆಗೆ ಬರುವ ಸಣ್ಣ ಪದಗಳ ಮೇಲೂ ನಿಗಾ ಬೇಕು. ‘ವಾಶ್ ಅಪ್’ ಎಂದರೆ ಬ್ರಿಟನ್ನಿನಲ್ಲಿ ಊಟದ ಪಾತ್ರೆ ತೊಳೆಯುವುದು, ಅಮೆರಿಕದಲ್ಲಿ ಕೈಮುಖ ತೊಳೆದುಕೊಳ್ಳುವುದು. ‘ಕ್ಲೀನ್ ಅಪ್’ ಎಂದರೆ ಚೊಕ್ಕಟಗೊಳಿಸುವುದು, ‘ಕ್ಲೀನ್ ಔಟ್’ ಎಂದರೆ ಒಳಗಿರುವುದನ್ನೆಲ್ಲ ತೆಗೆದು ಬರಿದು ಮಾಡುವುದು. ಕಳ್ಳರು ಮನೆ ದೋಚಿದರೂ ಅದೇ ಮಾತು. ‘ಡಸ್ಟ್’ ಎಂಬುದಕ್ಕೆ ಎದುರುಬದುರಾದ ಎರಡು ಅರ್ಥಗಳಿವೆ: ಕಪಾಟಿನ ಮೇಲಿನ ಧೂಳು ತೆಗೆಯುವುದೂ ಡಸ್ಟ್, ಕೇಕಿನ ಮೇಲೆ ಸಕ್ಕರೆಪುಡಿ ಉದುರಿಸುವುದೂ ಡಸ್ಟ್.

ಈ ಮಾತುಗಳ ಹುಟ್ಟೂರುಗಳೂ ಬೇರೆಬೇರೆ. ವಾಶ್, ವೈಪ್, ಸ್ವೀಪ್ ಹಳೆಯ ಇಂಗ್ಲಿಷಿನ ಮನೆಮಾತುಗಳು. ‘ವಾಶ್’ ಮತ್ತು ‘ವಾಟರ್’ ಒಂದೇ ಬೇರಿನವು. ಸ್ಕ್ರಬ್, ಸ್ಕೌರ್ ಬಂದದ್ದು ಸಮುದ್ರದಾಚೆಯ ಡಚ್ ಸೀಮೆಯ ಕಡೆಯಿಂದ. ಹಡಗಿನ ಅಟ್ಟ ಒರೆಸುವ ‘ಸ್ವಾಬ್’ ಕೂಡ ಡಚ್ಚರದೇ. ರಿನ್ಸ್, ಪಾಲಿಶ್ ಫ್ರೆಂಚಿನಿಂದ ಬಂದವು.

‘ಕ್ಲೀನ್’ ಬಹುಕಾಲ ಬರೀ ಗುಣವಾಚಕವಾಗಿತ್ತು. ಅದು ಕ್ರಿಯಾಪದವಾದದ್ದು 15ನೇ ಶತಮಾನದ ಸುಮಾರಿಗೆ. ಅದಕ್ಕೂ ಹಳೆಯ ಕ್ರಿಯಾಪದ ‘ಕ್ಲೆನ್ಸ್’. ಹೊಸದು ಬಂದ ಮೇಲೆ ಇವೆರಡೂ ಕೆಲಸ ಹಂಚಿಕೊಂಡವು. ನೆಲ, ಕಿಟಕಿ, ಪಾತ್ರೆ ‘ಕ್ಲೀನ್’ನ ಪಾಲಿಗೆ ಬಂದವು, ಗಾಯ, ಪಾಪ, ಆತ್ಮ ‘ಕ್ಲೆನ್ಸ್’ನ ಪಾಲಿಗೆ ಉಳಿದವು. 1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಕುಷ್ಠರೋಗಿಗಳು ಗುಣವಾಗುವುದು ‘ಕ್ಲೆನ್ಸ್’ ಆಗುವುದರಿಂದ. ನಮ್ಮಲ್ಲಿ ಶುಚಿಗೂ ಶುದ್ಧಿಗೂ ನಡುವೆ ಇರುವಂಥದೇ ಅಂತರ ಇದು. ಈ ಅಂತರವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಇದು ಘೋರವಾದ ತಿರುವೊಂದನ್ನು ಪಡೆಯುತ್ತದೆ.

2. ಮಾತಿನೊಳಗಿನ ಕೈಗಳು

ಇಂಗ್ಲಿಷಿನಲ್ಲಿ ‘ಸ್ಪ್ರಿಂಗ್ ಕ್ಲೀನಿಂಗ್’ ಎಂಬ ಮಾತಿದೆ, ವಸಂತದಲ್ಲಿ ಇಡೀ ಮನೆಯನ್ನು ತೊಳೆದು ಬಳಿಯುವುದು. ಯುಗಾದಿಗೆ ಮುಂಚೆ ನಾವೂ ಧೂಳು ಹೊಡೆದು ಮನೆ ಸಾರಿಸುತ್ತೇವೆ. ಆದರೆ 19ನೇ ಶತಮಾನದ ಲಂಡನ್ನಿನಲ್ಲಿ ಅದಕ್ಕೆ ಬೇರೆಯೇ ಕಾರಣವಿತ್ತು. ಚಳಿಗಾಲದುದ್ದಕ್ಕೂ ಕೋಣೆಕೋಣೆಯ ಒಲೆಯಲ್ಲಿ ಕಲ್ಲಿದ್ದಲು ಉರಿಯುತ್ತಿತ್ತು. ಮಸಿ ಗೋಡೆಗೆ, ಪರದೆಗೆ, ಪುಸ್ತಕಕ್ಕೆ ಮೆತ್ತಿಕೊಳ್ಳುತ್ತಿತ್ತು. ಒಲೆ ಆರಿದ ಮೇಲೆ ಅದನ್ನೆಲ್ಲ ತೆಗೆಯುವ ಕೆಲಸ ಶುರುವಾಗುತ್ತಿತ್ತು.

ತೆಗೆಯುತ್ತಿದ್ದವರು ಯಾರು? ವಿಕ್ಟೋರಿಯಾ ರಾಣಿಯ ಕಾಲದ ಕೊನೆಯ ದಶಕಗಳಲ್ಲಿ ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹೆಂಗಸರು ಮನೆಗೆಲಸದ ಆಳುಗಳಾಗಿದ್ದರು. 1861ರಲ್ಲಿ ಪುಸ್ತಕವಾಗಿ ಬಂದ ಇಸಬೆಲ್ಲಾ ಬೀಟನ್ ಅವರ ಗೃಹನಿರ್ವಹಣೆಯ ಗ್ರಂಥ ಆಳುಗಳ ದಿನಚರಿಯನ್ನು ಬೆಳಗಿನಿಂದ ರಾತ್ರಿಯವರೆಗೆ ವಿವರಿಸುತ್ತದೆ. ಅದು ಯಜಮಾನಿಯ ಕಡೆಯಿಂದ ಬರೆದ ಪುಸ್ತಕ. ಆಳಿನ ಕಡೆಯಿಂದ ಬರೆದವಳು ಹ್ಯಾನಾ ಕಲ್ವಿಕ್. 1833ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಕೆಲಸಕ್ಕೆ ಸೇರಿದ ಈ ಹೆಣ್ಣುಮಗಳು ವರ್ಷಗಟ್ಟಲೆ ದಿನಚರಿ ಬರೆದಳು. ಒಲೆಕಂಬಿಗೆ ಕಪ್ಪು ಬಳಿದದ್ದು, ಬೂಟುಗಳನ್ನು ಉಜ್ಜಿದ್ದು, ಮೊಣಕಾಲೂರಿ ಮೆಟ್ಟಿಲು ತಿಕ್ಕಿದ್ದು ಎಲ್ಲವೂ ಅದರಲ್ಲಿ ಸಾಲುಸಾಲಾಗಿ ಬರುತ್ತದೆ. ಶಬ್ದಕೋಶದಲ್ಲಿ ಒಂದೊಂದು ಸಾಲಿನ ಅರ್ಥವಾಗಿ ಕೂತಿರುವ ಕ್ರಿಯಾಪದಗಳಿಗೆ ಅವಳ ದಿನಚರಿಯಲ್ಲಿ ಮೊಣಕಾಲಿನ ನೋವಿದೆ, ಒಡೆದ ಅಂಗೈ ಇದೆ.

‘ಸ್ವೀಪ್’ ಎಂಬುದು ಕ್ರಿಯಾಪದವಷ್ಟೇ ಅಲ್ಲ, ಒಬ್ಬ ಮನುಷ್ಯನ ಹೆಸರೂ ಹೌದು: ಹೊಗೆಗೂಡು ಗುಡಿಸುವವನು. ಇಕ್ಕಟ್ಟಾದ ಹೊಗೆಕೊಳವೆಗಳೊಳಗೆ ದೊಡ್ಡವರು ಹಿಡಿಸುತ್ತಿರಲಿಲ್ಲ, ಮಕ್ಕಳನ್ನು ಹತ್ತಿಸುತ್ತಿದ್ದರು. ಎಂಟು ವರ್ಷ ತುಂಬದ ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಬಾರದೆಂಬ ಕಾಯ್ದೆ 1788ರಲ್ಲೇ ಬಂತು. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಮೇಲೆಯೂ ಕಾಯ್ದೆಗಳು ಬಂದವು, ಮಕ್ಕಳು ಸಾಯುತ್ತಲೇ ಇದ್ದರು. 1875ರಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಬಾಲಕ ಕೇಂಬ್ರಿಜ್ ಸಮೀಪದ ಆಸ್ಪತ್ರೆಯೊಂದರ ಹೊಗೆಕೊಳವೆಯಲ್ಲಿ ಸಿಕ್ಕಿಕೊಂಡು ಸತ್ತ. ಅದೇ ವರ್ಷ ಲಾರ್ಡ್ ಶಾಫ್ಟ್ಸ್‌ಬರಿಯವರ ಪಟ್ಟಿನಿಂದ ಬಂದ ಕಾಯ್ದೆ ಆ ಪದ್ಧತಿಯನ್ನು ಕೊನೆಗೊಳಿಸಿತು. ಒಂದು ಕ್ರಿಯಾಪದವನ್ನೇ ಮಗುವಿಗೆ ಹೆಸರಾಗಿ ಇಟ್ಟ ಸಮಾಜ ಆ ಮಗುವನ್ನು ಪೊರಕೆಯೆಂದೇ ಎಣಿಸಿತ್ತು.

ಕೈಗಳ ಗುರುತು ಮನೆತನದ ಹೆಸರುಗಳಲ್ಲೂ ಉಳಿದಿದೆ. ಇಂಗ್ಲಿಷಿನ ಫುಲ್ಲರ್, ವಾಕರ್, ಟಕ್ಕರ್ ಎಂಬ ಮೂರೂ ಹೆಸರುಗಳು ಉಣ್ಣೆಬಟ್ಟೆಯನ್ನು ನೀರಿನಲ್ಲಿ ತುಳಿದು, ಬಡಿದು, ಜಿಡ್ಡು ತೆಗೆದು ಗಟ್ಟಿಮಾಡುತ್ತಿದ್ದ ಕಸುಬಿನವರದು. ಕಾಲಿನಿಂದ ತುಳಿಯುತ್ತಿದ್ದುದರಿಂದ ‘ವಾಕರ್’. ನಮ್ಮಲ್ಲಿ ‘ಮಡಿವಾಳ’ ಎಂಬ ಹೆಸರು ಹೀಗೆಯೇ ಕಸುಬಿನಿಂದ ಬಂದದ್ದು. 12ನೇ ಶತಮಾನದ ಶರಣ ಮಡಿವಾಳ ಮಾಚಿದೇವರು ಬಟ್ಟೆ ಒಗೆಯುವ ಕಾಯಕವನ್ನು ಹೆಸರಿನಲ್ಲೇ ಹೊತ್ತು ಮೆರೆದರು.

ಯಂತ್ರ ಬಂದಾಗ ಮಾತು ಇನ್ನೊಂದು ದಾರಿ ಹಿಡಿಯಿತು. 1901ರಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಇಂಗ್ಲೆಂಡಿನಲ್ಲಿ ಧೂಳು ಹೀರುವ ಯಂತ್ರ ಕಟ್ಟಿದ. ಅದು ಕುದುರೆಗಾಡಿಯ ಮೇಲೆ ಬಂದು ಬೀದಿಯಲ್ಲಿ ನಿಲ್ಲುತ್ತಿತ್ತು, ಕಿಟಕಿಯ ಮೂಲಕ ಕೊಳವೆಯನ್ನು ಒಳಗೆ ಎಳೆದು ಧೂಳು ಹೀರುತ್ತಿದ್ದರು. ಏಳನೇ ಎಡ್ವರ್ಡನ ಪಟ್ಟಾಭಿಷೇಕಕ್ಕಾಗಿ ವೆಸ್ಟ್‌ಮಿನ್‌ಸ್ಟರ್ ಆಬಿಯ ಜಮಖಾನಗಳನ್ನು ಶುಚಿಮಾಡಿದ್ದು ಆ ಯಂತ್ರವೇ. ಅಮೆರಿಕದ ಓಹಾಯೊದಲ್ಲಿ ಅಂಗಡಿಯೊಂದರ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರಿ ಸ್ಪ್ಯಾಂಗ್ಲರ್‌ಗೆ ಉಬ್ಬಸವಿತ್ತು. ಧೂಳು ತಡೆಯಲಾಗದೆ ಕೈಯಲ್ಲಿ ಹಿಡಿದು ನಡೆಸಬಹುದಾದ ಯಂತ್ರವನ್ನು ಅವನು ರೂಪಿಸಿ 1908ರಲ್ಲಿ ಪೇಟೆಂಟ್ ಪಡೆದ. ಆ ಹಕ್ಕನ್ನು ಕೊಂಡವರು ಹೂವರ್ ಮನೆತನದವರು. ಬ್ರಿಟನ್ನಿನಲ್ಲಿ ಇಂದಿಗೂ ‘ಹೂವರ್’ ಎಂಬುದು ಧೂಳು ಹೀರುವ ಕೆಲಸಕ್ಕೆ ಕ್ರಿಯಾಪದ. ಕೊಂಡವನ ಹೆಸರು ಭಾಷೆಯಲ್ಲಿ ಸೇರಿತು, ಧೂಳು ಕುಡಿದವನ ಹೆಸರು ಸೇರಲಿಲ್ಲ.

3. ‘ಸ್ಕ್ಯಾವೆಂಜರ್’ ಎಂಬ ಪದದ ಪಯಣ

ಈ ಪದಕ್ಕೆ ನಾನು ಹೆಚ್ಚು ಹೊತ್ತು ಕೊಡಬಯಸುತ್ತೇನೆ. ಮಧ್ಯಯುಗದ ಲಂಡನ್ನಿನಲ್ಲಿ ಹೊರಗಿನ ವ್ಯಾಪಾರಿಗಳು ಮಾರಾಟಕ್ಕೆ ತಂದ ಸರಕಿನ ಮೇಲೆ ‘ಸ್ಕ್ಯಾವೇಜ್’ ಎಂಬ ಸುಂಕವಿತ್ತು. ಅದರ ಮೂಲ ಅರ್ಥ ತಪಾಸಣೆ, ಇಂಗ್ಲಿಷಿನ ‘ಶೋ’ ಕೂಡ ಅದೇ ಬೇರಿನದು. ಆ ಸುಂಕ ವಸೂಲಿ ಮಾಡುವ ಅಧಿಕಾರಿ ‘ಸ್ಕ್ಯಾವೇಜರ್’. ಕಾಲಕ್ರಮದಲ್ಲಿ ಬೀದಿಗಳು ಚೊಕ್ಕಟವಾಗಿವೆಯೇ ಎಂದು ನೋಡಿಕೊಳ್ಳುವ ಹೊಣೆಯೂ ಅವನ ಹೆಗಲಿಗೆ ಬಂತು. ಮೆಸೆಂಜರ್, ಪ್ಯಾಸೆಂಜರ್ ಪದಗಳಲ್ಲಿ ಆದಂತೆ ಇದರ ನಡುವೆಯೂ ಅನುನಾಸಿಕವೊಂದು ಸೇರಿ ‘ಸ್ಕ್ಯಾವೆಂಜರ್’ ಆಯಿತು. ಮುಂದೆ ಆ ಹೆಸರು ಮೇಲ್ವಿಚಾರಕನಿಂದ ಜಾರಿ ಕಸ ಎತ್ತುವವನ ಮೇಲೆ ಬಿತ್ತು. ‘ಸ್ಕ್ಯಾವೆಂಜ್’ ಎಂಬ ಕ್ರಿಯಾಪದ ಹುಟ್ಟಿದ್ದು ಕೊನೆಯಲ್ಲಿ, ಹೆಸರಿನಿಂದ.

ಬ್ರಿಟಿಷರ ಆಡಳಿತದೊಂದಿಗೆ ಆ ಪದ ಭಾರತಕ್ಕೆ ಬಂತು. ಇಲ್ಲಿ ಅದು ಹೋಗಿ ಅಂಟಿಕೊಂಡದ್ದು ಜಾತಿಯ ಕಟ್ಟುಪಾಡಿಗೆ. ಮನುಷ್ಯರ ಮಲವನ್ನು ಮನುಷ್ಯರೇ ಬಳಿದು ಹೊರುವ ಕೆಲಸಕ್ಕೆ ನಮ್ಮ ಕಾನೂನಿನ ಇಂಗ್ಲಿಷ್ ಇಟ್ಟ ಹೆಸರು ‘ಮ್ಯಾನ್ಯುಅಲ್ ಸ್ಕ್ಯಾವೆಂಜಿಂಗ್’. ಸುಂಕದ ಅಧಿಕಾರಿಯ ಪದವಿಯಾಗಿದ್ದ ಮಾತು ಹೀಗೆ ಅತ್ಯಂತ ಅವಮಾನದ ದುಡಿಮೆಯ ಹೆಸರಾಯಿತು.

ಕರ್ನಾಟಕಕ್ಕೆ ಈ ಚರಿತ್ರೆಯಲ್ಲಿ ನೇರವಾದ ಪಾಲಿದೆ. 1970ರ ದಶಕದಲ್ಲಿ ದೇವರಾಜ ಅರಸು ಅವರ ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ ಈ ದುಡಿಮೆಯ ವಿರುದ್ಧ ದೇಶವ್ಯಾಪಿ ಚಳವಳಿ ಕಟ್ಟಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕೇಂದ್ರದ ಕಾಯ್ದೆಗಳು 1993ರಲ್ಲೊಮ್ಮೆ, 2013ರಲ್ಲಿ ಇನ್ನೊಮ್ಮೆ ಬಂದವು. ಅಷ್ಟಾದರೂ ಮ್ಯಾನ್‌ಹೋಲಿಗೆ ಇಳಿದವರು ಉಸಿರುಗಟ್ಟಿ ಸತ್ತ ಸುದ್ದಿಯನ್ನು ನಾವು ಓದುತ್ತಲೇ ಇದ್ದೇವೆ. ಕನ್ನಡದಲ್ಲಿ ‘ಪೌರಕಾರ್ಮಿಕ’ ಎಂಬ ಮಾತು ನೆಲೆಗೊಂಡದ್ದು ಒಳ್ಳೆಯದೇ, ಅದು ದುಡಿಯುವವರನ್ನು ಕಸದ ಹೆಸರಿನಿಂದ ಕರೆಯುವುದಿಲ್ಲ. ಹೆಸರಿಗೆ ಸಿಕ್ಕ ಈ ಗೌರವ ಸಂಬಳಕ್ಕೆ, ಕೈಗವಸಿಗೆ, ಕೆಲಸದ ಭದ್ರತೆಗೆ ಇನ್ನೂ ಪೂರ್ತಿ ದಕ್ಕಬೇಕಾಗಿದೆ.

ಭಾರತವೂ ಇಂಗ್ಲಿಷಿಗೆ ಮಾತು ಕೊಟ್ಟಿದೆ. ‘ಧೋಬಿ’ ಇಂಗ್ಲಿಷ್ ನಿಘಂಟುಗಳಲ್ಲಿದೆ. ‘ಶ್ಯಾಂಪೂ’ ಹಿಂದಿಯ ‘ಚಾಂಪೋ’, ಅಂದರೆ ಒತ್ತು, ನೀವು. ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮದ್ 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನಗೃಹ ತೆರೆದು ಆವಿಸ್ನಾನದೊಡನೆ ಮೈ ನೀವುವ ಚಿಕಿತ್ಸೆ ಕೊಡುತ್ತಿದ್ದರು. ಇಬ್ಬರು ದೊರೆಗಳು ಅವರ ಸೇವೆ ಪಡೆದರು. ಮೈ ನೀವುವುದೆಂಬ ಅರ್ಥ ಆಮೇಲೆ ತಲೆ ತೊಳೆಯುವುದೆಂದು ಬದಲಾಯಿತು, ಬದಲಾದ ಅರ್ಥದಲ್ಲೇ ಆ ಮಾತು ನಮ್ಮ ಬಚ್ಚಲಿಗೆ ಮರಳಿತು.

4. ನುಡಿಗಟ್ಟುಗಳ ನೀತಿ

ಇಂಗ್ಲಿಷಿನ ಶುಚಿಕಾರ್ಯದ ನುಡಿಗಟ್ಟುಗಳಲ್ಲಿ ಬಹುಪಾಲು ಹೊಣೆಗಾರಿಕೆಯ ಸುತ್ತಲೇ ಸುತ್ತುತ್ತವೆ. ಕೈ ತೊಳೆದುಕೊಳ್ಳುವುದು ಎಂಬುದರ ಮೂಲ ಮತ್ತಾಯನ ಸುವಾರ್ತೆಯ 27ನೇ ಅಧ್ಯಾಯದಲ್ಲಿದೆ. ರೋಮನ್ ಅಧಿಕಾರಿ ಪಿಲಾತ ಜನರ ಮುಂದೆ ನೀರು ತರಿಸಿ ಕೈ ತೊಳೆದು, ಈ ರಕ್ತಕ್ಕೆ ತಾನು ಹೊಣೆಯಲ್ಲ ಎನ್ನುತ್ತಾನೆ. ಯೇಸುವಿನ ಮರಣದಂಡನೆಗೆ ಒಪ್ಪಿದವನು ಅವನೇ. ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ನಲ್ಲಿ ದೊರೆಯ ಕೊಲೆಯಾದ ರಾತ್ರಿ ಲೇಡಿ ಮ್ಯಾಕ್‌ಬೆತ್ ಸ್ವಲ್ಪ ನೀರಿದ್ದರೆ ಎಲ್ಲ ಹೋಗುತ್ತದೆ ಎಂದು ನಂಬಿದವಳು. ಐದನೇ ಅಂಕದಲ್ಲಿ ಆಕೆ ನಿದ್ದೆಯಲ್ಲಿ ನಡೆಯುತ್ತ ಇಲ್ಲದ ಕಲೆಯನ್ನು ಉಜ್ಜುತ್ತಲೇ ಇರುತ್ತಾಳೆ. ಪಿಲಾತನ ಕೈ ಸುಲಭವಾಗಿ ಶುಚಿಯಾಯಿತು, ಆಕೆಯ ಕೈ ಎಂದೂ ಆಗಲಿಲ್ಲ. ಇಂಗ್ಲಿಷ್ ಮನಸ್ಸಿನಲ್ಲಿ ಈ ಎರಡು ಚಿತ್ರಗಳೂ ಅಕ್ಕಪಕ್ಕ ಉಳಿದಿವೆ. ನೀರಿನಿಂದ ಹೊಣೆ ಹೋಗುವುದಿಲ್ಲ ಎಂಬ ಎರಡನೆಯ ಚಿತ್ರವೇ ನನಗೆ ದೊಡ್ಡದು.

‘ಕ್ಲೀನ್ ಬಿಲ್ ಆಫ್ ಹೆಲ್ತ್’ ಬಂದರುಗಳಿಂದ ಬಂದ ಮಾತು. ಹಡಗು ಹೊರಟ ಊರಿನಲ್ಲಿ ಸಾಂಕ್ರಾಮಿಕ ರೋಗವಿಲ್ಲವೆಂಬ ಪತ್ರ ಅದು. ಅದಿಲ್ಲದಿದ್ದರೆ ಹಡಗನ್ನು ದೂರದಲ್ಲೇ ನಿಲ್ಲಿಸುತ್ತಿದ್ದರು. ಹೊಸ ಪೊರಕೆ ಚೆನ್ನಾಗಿ ಗುಡಿಸುತ್ತದೆ ಎಂಬ ಗಾದೆ 1546ರಲ್ಲಿ ಜಾನ್ ಹೇವುಡ್ ಸಂಗ್ರಹಿಸಿದ ಗಾದೆಗಳಲ್ಲೇ ಇದೆ. ಸ್ನಾನದ ನೀರಿನ ಜೊತೆ ಮಗುವನ್ನೂ ಚೆಲ್ಲಬೇಡ ಎಂಬುದು ಜರ್ಮನರ ಮಾತು. 1512ರಲ್ಲಿ ತೋಮಸ್ ಮುರ್ನರ್ ಅದನ್ನು ಅಚ್ಚಿಗೆ ತಂದ, ಮೂರು ಶತಮಾನಗಳ ಮೇಲೆ ಥಾಮಸ್ ಕಾರ್ಲೈಲ್ ಇಂಗ್ಲಿಷಿನಲ್ಲಿ ಬಳಸಿದ. ಕಸವನ್ನು ಜಮಖಾನದಡಿ ತಳ್ಳುವುದು ಎನ್ನುವುದಕ್ಕೆ ಸರಿಸಾಟಿಯಾಗಿ ನಮ್ಮಲ್ಲಿ ‘ತಿಪ್ಪೆ ಸಾರಿಸುವುದು’ ಇದೆ. ನಮ್ಮದೇ ಹೆಚ್ಚು ಗಟ್ಟಿ ಎಂದು ನನ್ನ ಅಭಿಪ್ರಾಯ. ಜಮಖಾನದಡಿಯ ಕಸ ಕಾಣುವುದಿಲ್ಲ, ಸಾರಿಸಿದ ತಿಪ್ಪೆ ಎಲ್ಲರ ಕಣ್ಣೆದುರೇ ಇರುತ್ತದೆ.

5. ತೊಳೆಯುವ ಮಾತಿನಲ್ಲಿ ಮುಚ್ಚಿದ ಅಪರಾಧ

20ನೇ ಶತಮಾನದಲ್ಲಿ ಈ ಕ್ರಿಯಾಪದಗಳ ಬಾಳು ಬದಲಾಯಿತು. ‘ವೈಟ್‌ವಾಶ್’ ಹಳೆಯದು, ಗೋಡೆಗೆ ಸುಣ್ಣ ಬಳಿಯುವುದು. ಸುಣ್ಣ ಕೊಳೆಯನ್ನು ತೆಗೆಯುವುದಿಲ್ಲ, ಮುಚ್ಚುತ್ತದೆ. ಹಗರಣಗಳನ್ನು ಮುಚ್ಚುವ ತನಿಖಾ ವರದಿಗಳಿಗೆ ಆ ಹೆಸರು ಬಂದದ್ದು ಆದ್ದರಿಂದಲೇ. ಅದೇ ಅಚ್ಚಿನಲ್ಲಿ 1986ರಲ್ಲಿ ಅಮೆರಿಕದ ಜೇ ವೆಸ್ಟರ್‌ವೆಲ್ಡ್ ‘ಗ್ರೀನ್‌ವಾಶ್’ ಎಂಬ ಪದ ಟಂಕಿಸಿದರು. ಟವೆಲನ್ನು ಮತ್ತೆ ಬಳಸಿ ಪರಿಸರ ಉಳಿಸಿ ಎಂದು ಅತಿಥಿಗಳಿಗೆ ಹೇಳುತ್ತ ತಮ್ಮ ಒಗೆತದ ಖರ್ಚು ಉಳಿಸುವ ಹೋಟೆಲುಗಳು ಅವರ ಗುರಿ. ಈ ಎರಡು ಪದಗಳು ಪ್ರಾಮಾಣಿಕವಾದವು, ಮುಚ್ಚುವವರನ್ನು ಬಯಲಿಗೆಳೆಯುತ್ತವೆ.

‘ಬ್ರೈನ್‌ವಾಶ್’ 1950ರಲ್ಲಿ ಪತ್ರಕರ್ತ ಎಡ್ವರ್ಡ್ ಹಂಟರ್ ಚೀನೀ ಮಾತಿನಿಂದ ಇಂಗ್ಲಿಷಿಗೆ ತಂದದ್ದು. ಕೊರಿಯಾ ಯುದ್ಧದ ಕಾಲದಲ್ಲಿ ಅದು ಹಬ್ಬಿತು. ‘ಮನಿ ಲಾಂಡರಿಂಗ್’ ಜನಬಳಕೆಗೆ ಬಂದದ್ದು 1970ರ ದಶಕದ ವಾಟರ್‌ಗೇಟ್ ಹಗರಣದ ವರದಿಗಳಿಂದ. ಕಳ್ಳಹಣವನ್ನು ಸಾಚಾ ಹಣವೆಂದು ತೋರಿಸುವ ಅಪರಾಧಕ್ಕೆ ಬಟ್ಟೆ ಒಗೆಯುವವರ ಮಾತು! ಅಗಸರ ದುಡಿಮೆಯಷ್ಟು ಬಹಿರಂಗವಾದದ್ದು ಬೇರೆ ಯಾವುದಿದೆ? ಹೊಳೆಯ ದಂಡೆಯಲ್ಲಿ, ಹಗಲು ಬೆಳಕಿನಲ್ಲಿ, ಎಲ್ಲರೂ ನೋಡುತ್ತಿರುವಾಗ ಆ ಕೆಲಸ ನಡೆಯುತ್ತದೆ. ನಮ್ಮ ಪತ್ರಿಕೆಗಳು ಆ ಮಾತನ್ನು ಎರವಲು ಪಡೆಯದೆ ‘ಅಕ್ರಮ ಹಣ ವರ್ಗಾವಣೆ’ ಎಂದು ಬರೆಯುತ್ತ ಬಂದಿವೆ. ಅಪರಾಧವನ್ನು ಅಪರಾಧವೆಂದೇ ಕರೆಯುವ ಆ ಪದವನ್ನು ರೂಢಿಗೆ ತಂದ ಪತ್ರಕರ್ತರನ್ನು ನಾನು ಮನಸಾರೆ ಅಭಿನಂದಿಸುತ್ತೇನೆ.

ಇನ್ನು ಆಗ ಹೇಳಿದ ಘೋರ ತಿರುವು. ಹೊಟ್ಟೆ ಶುದ್ಧಿಗೊಳಿಸುವ ಔಷಧಕ್ಕೆ ಇದ್ದ ‘ಪರ್ಜ್’ ಎಂಬ ಮಾತು ಸ್ಟಾಲಿನ್ನನ ರಷ್ಯಾದಲ್ಲಿ 1936ರಿಂದ 1938ರವರೆಗೆ ನಡೆದ ಸಾಮೂಹಿಕ ಬಂಧನ, ಗುಂಡೇಟುಗಳಿಗೆ ಇಂಗ್ಲಿಷಿನಲ್ಲಿ ಹೆಸರಾಯಿತು. ಹಿಟ್ಲರನ ಅಧಿಕಾರಿಗಳು ಯೆಹೂದಿಗಳೆಲ್ಲರನ್ನೂ ಹೊರದಬ್ಬಿದ ಊರನ್ನು ಜರ್ಮನಿನಲ್ಲಿ ಯೆಹೂದಿಗಳಿಂದ ‘ಶುದ್ಧ’ವಾದ ಊರು ಎಂದು ಕರೆದರು. 1990ರ ದಶಕದ ಬೋಸ್ನಿಯಾ ಯುದ್ಧದಲ್ಲಿ ಜನರನ್ನು ಮನೆಗಳಿಂದ ಓಡಿಸಿ, ಕೊಂದು, ಊರಿಗೆ ಊರನ್ನೇ ಖಾಲಿ ಮಾಡಿದ ಕೃತ್ಯಕ್ಕೆ ಅಲ್ಲಿನ ಭಾಷೆಯ ಮಾತೊಂದು ಅನುವಾದಗೊಂಡು ‘ಎಥ್ನಿಕ್ ಕ್ಲೆನ್ಸಿಂಗ್’ ಆಗಿ ಜಗತ್ತಿನ ಪತ್ರಿಕೆಗಳಿಗೆ ಬಂತು. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾದಲ್ಲಿ ಸುಮಾರು 8,000 ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದರು. ಗಾಯಕ್ಕೂ ಆತ್ಮಕ್ಕೂ ಮೀಸಲಾಗಿದ್ದ ಪವಿತ್ರ ಕ್ರಿಯಾಪದವನ್ನು ಇದಕ್ಕೆ ಬಳಸಲಾಯಿತು.

ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರಲ್ಲಿ ಶುದ್ಧಿ ಮತ್ತು ಅಪಾಯದ ಬಗ್ಗೆ ಬರೆದ ಪುಸ್ತಕದಲ್ಲಿ, ಕೊಳೆ ಎಂದರೆ ಇರಬಾರದ ಜಾಗದಲ್ಲಿರುವ ವಸ್ತು ಎಂಬ ವಿಚಾರವನ್ನು ಬೆಳೆಸಿದರು. ಹೊಲದ ಮಣ್ಣು ಕೊಳೆಯಲ್ಲ, ಊಟದ ತಟ್ಟೆಯ ಮೇಲಿನ ಅದೇ ಮಣ್ಣು ಕೊಳೆ. ಈ ಮಾತನ್ನು ಮನುಷ್ಯರಿಗೆ ಅನ್ವಯಿಸಿ ನೋಡಿ. ‘ಇವರು ಇಲ್ಲಿ ಇರಬಾರದವರು’ ಎಂದು ಅಧಿಕಾರದಲ್ಲಿರುವವರು ತೀರ್ಮಾನಿಸಿದ ಮರುಕ್ಷಣ ಅವರನ್ನು ಗುಡಿಸಿಹಾಕುವುದು ಶುಚಿಕಾರ್ಯವೆನ್ನಿಸಿಕೊಳ್ಳುತ್ತದೆ. ಜಾತಿಯ ಹೆಸರಿನಲ್ಲಿ ಮನುಷ್ಯರನ್ನು ಮೈಲಿಗೆ ಎಂದು ದೂರವಿಟ್ಟ ನಾಡಿನವರಾದ ನಮಗೆ ಇದನ್ನು ಬೇರೆಯವರು ಬಿಡಿಸಿ ಹೇಳಬೇಕಿಲ್ಲ.

6. ನಮ್ಮ ಹೊಣೆ

‘ಎಥ್ನಿಕ್ ಕ್ಲೆನ್ಸಿಂಗ್’ ಎಂಬುದನ್ನು ಕನ್ನಡದಲ್ಲಿ ‘ಜನಾಂಗೀಯ ಶುದ್ಧೀಕರಣ’ ಎಂದು ಬರೆಯುವುದುಂಟು. ಇದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಶುದ್ಧಿ ನಮ್ಮಲ್ಲಿ ಮಂಗಳಕರವಾದ ಮಾತು. ಸಾಮೂಹಿಕ ಕೊಲೆಗೆ ಆ ಹೆಸರು ಕೊಟ್ಟರೆ, ಕೊಂದವರು ತಮ್ಮ ಕೆಲಸಕ್ಕೆ ಇಟ್ಟುಕೊಂಡ ಹೆಸರನ್ನೇ ನಾವೂ ಒಪ್ಪಿದಂತೆ. ಜನರನ್ನು ಓಡಿಸಿದ್ದರೆ ‘ಜನಾಂಗವನ್ನು ಹೊರದಬ್ಬಿದರು’ ಎನ್ನೋಣ, ಕೊಂದಿದ್ದರೆ ‘ಜನಾಂಗಹತ್ಯೆ’ ಎನ್ನೋಣ. ಹಣದ ವಿಷಯದಲ್ಲಿ ತೋರಿದ ಎಚ್ಚರವನ್ನು ಪ್ರಾಣದ ವಿಷಯದಲ್ಲೂ ತೋರಬೇಕು.

ಇಂಗ್ಲಿಷ್ ಕಲಿಸುವ ಅಧ್ಯಾಪಕ ಮಿತ್ರರಲ್ಲಿ ನನ್ನ ಕೋರಿಕೆ ಇದು: ಈ ಕ್ರಿಯಾಪದಗಳನ್ನು ಬಿಟ್ಟಸ್ಥಳ ತುಂಬುವ ಅಭ್ಯಾಸಕ್ಕಷ್ಟೇ ಸೀಮಿತಗೊಳಿಸಬೇಡಿ. ‘ಸ್ವೀಪ್’ ಕಲಿಸುವಾಗ ಹೊಗೆಗೂಡಿನ ಮಕ್ಕಳ ಕಥೆ ಹೇಳಿ. ‘ಸ್ಕ್ರಬ್’ ಕಲಿಸುವಾಗ ಹ್ಯಾನಾ ಕಲ್ವಿಕ್‌ಳ ಹೆಸರು ಹೇಳಿ. ‘ಸ್ಕ್ಯಾವೆಂಜರ್’ ಪದ ಬಂದ ದಿನ ನಿಮ್ಮ ಊರಿನ ಪೌರಕಾರ್ಮಿಕರ ಬದುಕನ್ನು ತರಗತಿಯಲ್ಲಿ ಚರ್ಚಿಸಿ. ವಿದ್ಯಾರ್ಥಿಗಳಲ್ಲೂ ಒಂದು ಮಾತು: ಗುಡಿಸು, ಸಾರಿಸು, ಜಾಲಿಸು, ಬೆಳಗು ಎಂಬ ಮಾತುಗಳನ್ನು ‘ಕ್ಲೀನ್ ಮಾಡು’ವಿಗೆ ಒಪ್ಪಿಸಿಬಿಡಬೇಡಿ. ಅವುಗಳಲ್ಲಿ ನಿಮ್ಮ ತಾಯಂದಿರ, ಅಜ್ಜಿಯರ ದುಡಿಮೆ ಇದೆ. ಅವುಗಳನ್ನು ಮಾತಿನಲ್ಲಿ ಬಳಸಿ, ಆ ಕೆಲಸಗಳನ್ನು ಗಂಡುಮಕ್ಕಳೂ ಹೆಣ್ಣುಮಕ್ಕಳೂ ಸಮನಾಗಿ ಮಾಡಿ.

ನಾವು ಬರುವ ಮೊದಲೇ ಬಂದು ಈ ಸಭಾಂಗಣವನ್ನು ಗುಡಿಸಿ ಒರೆಸಿದ ಕೆಲಸಗಾರರಿಗೆ ನನ್ನ ನಮಸ್ಕಾರಗಳು.